ಹಳೆಯ ರಿವಾಲ್ವರಿಗೆ ನ್ಯಾಯವಾದ ಬೆಲೆ ಎಷ್ಟು?

ನಿವೃತ್ತನಾಗಿ ಇಷ್ಟು ವರ್ಷಗಳಾದರೂ ನನ್ನ ಹಳೆಯ ವಿದ್ಯಾರ್ಥಿಗಳು ಪ್ರಶ್ನೆ ಕೇಳುವುದನ್ನು ಬಿಟ್ಟಿಲ್ಲ. ಮಗುವಿಗೆ ಇಡಬೇಕಾದ ಹೆಸರಿನಿಂದ ಹಿಡಿದು ನಿವೇಶನದ ಕಾಗದಪತ್ರದವರೆಗೆ ಎಲ್ಲವನ್ನೂ ಕೇಳುತ್ತಾರೆ. ತಿಳಿದಷ್ಟು ಹೇಳುತ್ತೇನೆ. ಆದರೆ ರಿವಾಲ್ವರಿನ ಬೆಲೆ ಕೇಳಿದವನು ಈವರೆಗೆ ಒಬ್ಬನೇ. ಅವನಿಗೆ ನಾನು ಮೊದಲು ಕೊಟ್ಟ ಉತ್ತರ ತಪ್ಪಾಗಿತ್ತು. ಆ ತಪ್ಪನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಬರಹ.

ಆತ ಈಗ ಫ್ರಾನ್ಸಿನ ತುಲೂಸ್ ನಗರದಲ್ಲಿ ವಿಮಾನ ತಯಾರಿಕೆಯ ಕೆಲಸದಲ್ಲಿದ್ದಾನೆ. ತರಗತಿಯಲ್ಲಿ ಕಿಟಕಿಯ ಪಕ್ಕ ಕುಳಿತು, ಯುದ್ಧಗಳ ಪಾಠ ಬಂದಾಗ ಮಾತ್ರ ನನ್ನ ಕಡೆ ತಿರುಗುತ್ತಿದ್ದ ಹುಡುಗ. ಕಳೆದ ಚಳಿಗಾಲದಲ್ಲಿ ಅವನಿಂದ ಮಿಂಚಂಚೆ ಬಂತು. “ಮೇಷ್ಟ್ರೇ, ನಮಸ್ಕಾರಗಳು. ಇಲ್ಲಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಒಂದು ರಿವಾಲ್ವರ್ ನೋಡಿದ್ದೇನೆ. 1870ರ ಯುದ್ಧದಲ್ಲಿ ಫ್ರೆಂಚ್ ಅಧಿಕಾರಿಯೊಬ್ಬರು ಸೊಂಟದಲ್ಲಿ ಕಟ್ಟಿಕೊಂಡಿದ್ದುದಂತೆ. ಅವರ ಮನೆಯವರು ಬರೆದಿಟ್ಟ ಹಳೆಯ ಕಾಗದವೂ ಜೊತೆಗಿದೆ. 1,800 ಯೂರೋ ಹೇಳುತ್ತಿದ್ದಾರೆ. ತೆಗೆದುಕೊಳ್ಳಲೇ? ತಾವು ಹೇಳಿದ ಹಾಗೆ ಮಾಡುತ್ತೇನೆ.” ಜೊತೆಗೆ ನಾಲ್ಕು ಚಿತ್ರಗಳಿದ್ದವು.

1870 ಎಂಬ ಅಂಕಿಯನ್ನು ಕಂಡೊಡನೆ ನನ್ನ ಬುದ್ಧಿ ತರಗತಿಗೆ ಓಡಿತು. ಸೆಡಾನ್ ಕದನ, ಸೆಪ್ಟೆಂಬರ್ 2ರಂದು ಸೈನ್ಯ ಸಮೇತ ಶರಣಾದ ಮೂರನೆಯ ನೆಪೋಲಿಯನ್, ಮುತ್ತಿಗೆಯಲ್ಲಿ ಸಿಕ್ಕ ಪ್ಯಾರಿಸ್: ಇಪ್ಪತ್ತೆಂಟು ವರ್ಷ ಬಾಯಿಪಾಠದಂತೆ ಹೇಳಿದ ಸಂಗತಿಗಳು. ಕಾಗದದ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಹಳದಿಗೆ ತಿರುಗಿದ ಹಾಳೆಯ ಮೇಲೆ ಕಂದು ಮಸಿಯಲ್ಲಿ ಓರೆಯಾದ ಮುದ್ದಾದ ಅಕ್ಷರ. ಅಂದು ರಾತ್ರಿಯೇ ಬರೆದುಬಿಟ್ಟೆ: “ಇಂಥ ವಸ್ತು ಮತ್ತೆ ಮತ್ತೆ ಸಿಗುವುದಿಲ್ಲಪ್ಪ. ಸ್ವಲ್ಪ ಚೌಕಾಸಿ ಮಾಡಿ ತೆಗೆದುಕೋ.” ಮರುದಿನವೇ ಅವನು 200 ಯೂರೋ ಮುಂಗಡ ಕೊಟ್ಟುಬಂದ.

ಮೂರನೆಯ ದಿನ, ಉತ್ಸಾಹ ಇಳಿದ ಮೇಲೆ, ಉಳಿದ ಮೂರು ಚಿತ್ರಗಳನ್ನು ನಿಧಾನವಾಗಿ ನೋಡಿದೆ. ಮೊದಲೇ ನೋಡಬೇಕಾಗಿತ್ತು.

ಆ ರಿವಾಲ್ವರ್ ಲೆಫೋಷೊ ಮಾದರಿಯದು. ಪ್ಯಾರಿಸ್ಸಿನ ಬಂದೂಕು ತಯಾರಕ ಕಾಸಿಮೀರ್ ಲೆಫೋಷೊ 1830ರ ದಶಕದಲ್ಲಿ ಹಿಂದಿನಿಂದ ತೋಟಾ ತುಂಬುವ ಬಂದೂಕನ್ನು ರೂಢಿಗೆ ತಂದವನು. ಅವನ ಮಗ ಯೂಜೀನ್ 1854ರಲ್ಲಿ ಅದೇ ಬಗೆಯ ತೋಟಾಕ್ಕೆ ಹೊಂದುವ ರಿವಾಲ್ವರಿಗೆ ಹಕ್ಕುಪತ್ರ ಪಡೆದ. ಈ ತೋಟಾಕ್ಕೆ ‘ಪಿನ್‌ಫೈರ್’ ಎಂದು ಹೆಸರು. ಅದರ ಬುಡದ ಪಕ್ಕದಿಂದ ಸಣ್ಣ ಮೊಳೆಯೊಂದು ಹೊರಕ್ಕೆ ಚಾಚಿರುತ್ತದೆ. ರಿವಾಲ್ವರಿನ ಕುದುರೆ ಮೇಲಿನಿಂದ ಬಡಿದಾಗ ಆ ಮೊಳೆ ಒಳಕ್ಕೆ ಸರಿದು ಸಿಡಿಮದ್ದನ್ನು ಹೊತ್ತಿಸುತ್ತದೆ. 1858ರಲ್ಲಿ ಫ್ರಾನ್ಸಿನ ನೌಕಾಪಡೆ ಈ ರಿವಾಲ್ವರನ್ನು ಒಪ್ಪಿಕೊಂಡಿತು. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರು ಹತ್ತು ಸಾವಿರಕ್ಕೂ ಮಿಕ್ಕಿ ಕೊಂಡರು. ಆದರೆ ಸೈನ್ಯಕ್ಕೆ ಹೋದವು 12 ಮಿಲಿಮೀಟರ್ ಅಳತೆಯ ದೊಡ್ಡ ಆಯುಧಗಳು. 7 ಮಿಲಿಮೀಟರಿನ ಚಿಕ್ಕವು ಜೇಬಿನಲ್ಲಿಡುವ, ರಾತ್ರಿ ಪ್ರಯಾಣಕ್ಕೆ ಧೈರ್ಯ ಕೊಡುವ ಅಗ್ಗದ ಸಾಮಾನುಗಳು. ಬೆಲ್ಜಿಯಮ್ಮಿನ ಲಿಯೇಜ್ ನಗರದ ಕಾರ್ಖಾನೆಗಳು ಇವನ್ನು ಲೆಕ್ಕವಿಲ್ಲದಷ್ಟು ತಯಾರಿಸಿ ಲೋಕಕ್ಕೆಲ್ಲ ಮಾರಿದವು. ನನ್ನ ಶಿಷ್ಯ ಕಂಡದ್ದು ಅಂಥ 7 ಮಿಲಿಮೀಟರಿನದು. ಯುದ್ಧಕ್ಕೆ ಹೊರಟ ಅಧಿಕಾರಿಯೊಬ್ಬ ಸ್ವಂತ ದುಡ್ಡಿನಲ್ಲಿ ಚಿಕ್ಕ ರಿವಾಲ್ವರ್ ಕೊಳ್ಳಬಾರದೆಂದೇನೂ ಇಲ್ಲ. ಆದರೂ ಮೊದಲ ಅನುಮಾನ ನನಗೆ ಹುಟ್ಟಬೇಕಾದದ್ದು ಅಲ್ಲಿಯೇ.

ಇಂಥ ಅಗ್ಗದ ಸಾಮಾನಿಗೆ ಬೆಲೆ ಬರುವುದು ಹೇಗೆ? ಇದಕ್ಕೆ ಎರಡು ಹರಾಜುಗಳ ಕಥೆ ಹೇಳಬೇಕು. ಎರಡೂ ಇದೇ 7 ಮಿಲಿಮೀಟರಿನ ಲೆಫೋಷೊ ಮಾದರಿಯ ರಿವಾಲ್ವರುಗಳ ಕಥೆ.

ಮೊದಲನೆಯದು ಬ್ರಸೆಲ್ಸ್ ನಗರದ್ದು. 1873ರ ಜುಲೈ 10ರಂದು ಫ್ರೆಂಚ್ ಕವಿ ಪಾಲ್ ವರ್ಲೇನ್ ಮೊಂತಿನ್ಯಿ ಎಂಬ ಬಂದೂಕಿನ ಅಂಗಡಿಯಲ್ಲಿ 23 ಫ್ರಾಂಕ್ ಕೊಟ್ಟು ಒಂದು ರಿವಾಲ್ವರ್ ಕೊಂಡ. ಅವನಿಗೆ ಆಗ 29 ವರ್ಷ. ತನ್ನನ್ನು ಬಿಟ್ಟುಹೋಗುತ್ತೇನೆಂದು ಹಟ ಹಿಡಿದಿದ್ದ 18ರ ತರುಣ ಕವಿ ಆರ್ಥರ್ ರಾಂಬೋನ ಮೇಲೆ ಅಂದು ಮಧ್ಯಾಹ್ನ, ಕುಡಿದ ಅಮಲಿನಲ್ಲಿ, ಹೋಟೆಲಿನ ಕೋಣೆಯಲ್ಲಿ ಎರಡು ಗುಂಡು ಹಾರಿಸಿದ. ಒಂದು ರಾಂಬೋನ ಎಡ ಮಣಿಕಟ್ಟಿಗೆ ತಗುಲಿತು. ಇನ್ನೊಂದು ಗುರಿ ತಪ್ಪಿತು. ಸಂಜೆ ವರ್ಲೇನ್ ಮತ್ತೆ ಜೇಬಿಗೆ ಕೈಹಾಕಿದುದನ್ನು ಕಂಡು ಹೆದರಿದ ರಾಂಬೋ ಬೀದಿಯಲ್ಲಿದ್ದ ಪೊಲೀಸನ ಮೊರೆಹೊಕ್ಕ. ಆಮೇಲೆ ಅವನು ದೂರನ್ನು ಹಿಂತೆಗೆದುಕೊಂಡರೂ ನ್ಯಾಯಾಲಯ ವರ್ಲೇನನಿಗೆ ಎರಡು ವರ್ಷ ಸೆರೆವಾಸ ವಿಧಿಸಿತು. ಆ ರಿವಾಲ್ವರನ್ನು 2016ರ ನವೆಂಬರ್ 30ರಂದು ಕ್ರಿಸ್ಟೀಸ್ ಸಂಸ್ಥೆ ಪ್ಯಾರಿಸ್ಸಿನಲ್ಲಿ ಹರಾಜು ಹಾಕಿತು. 50ರಿಂದ 60 ಸಾವಿರ ಯೂರೋ ಬರಬಹುದೆಂದು ಅಂದಾಜು ಮಾಡಿದ್ದರು. ಬಂದದ್ದು 4,34,500 ಯೂರೋ.

ಎರಡನೆಯದು ಪ್ಯಾರಿಸ್ಸಿನ ಹತ್ತಿರದ ಓವೆರ್ ಎಂಬ ಹಳ್ಳಿಯದು. ಚಿತ್ರಕಾರ ವಿನ್ಸೆಂಟ್ ವ್ಯಾನ್‌ಗೋ 1890ರ ಜುಲೈ 27ರಂದು ಅಲ್ಲಿನ ಹೊಲದಲ್ಲಿ ಗುಂಡು ಹಾರಿಸಿಕೊಂಡು, ತಂಗಿದ್ದ ಹೋಟೆಲಿಗೆ ತಾನೇ ನಡೆದು ಬಂದು, 29ರಂದು ಪ್ರಾಣ ಬಿಟ್ಟ. ಆಯುಧ ಆಗ ಸಿಗಲಿಲ್ಲ. 1960ರ ದಶಕದಲ್ಲಿ ರೈತನೊಬ್ಬನಿಗೆ ಅಲ್ಲಿನ ಹೊಲದ ಮಣ್ಣಿನಲ್ಲಿ ತುಕ್ಕು ಹಿಡಿದು ಜೀರ್ಣವಾದ ರಿವಾಲ್ವರೊಂದು ಸಿಕ್ಕಿತು. ಅದೇ ಇದಿರಬಹುದೆಂದು ಹಲವರು ನಂಬಿದರು. ಆಮ್‌ಸ್ಟರ್‌ಡ್ಯಾಮಿನ ವ್ಯಾನ್‌ಗೋ ವಸ್ತುಸಂಗ್ರಹಾಲಯವೂ 2016ರಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಿತು. 2019ರ ಜೂನ್ 19ರಂದು ಪ್ಯಾರಿಸ್ಸಿನ ದ್ರುಓ ಹರಾಜು ಕಟ್ಟೆಯಲ್ಲಿ ಅದು 1,62,500 ಯೂರೋಗೆ ಹೋಯಿತು.

ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ವ್ಯಾನ್‌ಗೋನ ಹೆಸರು ಕೇಳದವರು ಇಂದು ವಿರಳ. ವರ್ಲೇನ್ ಮತ್ತು ರಾಂಬೋ ಕಾವ್ಯಪ್ರಿಯರಿಗೆ ಮಾತ್ರ ಪರಿಚಿತರು. ಒಂದು ಗುಂಡು ಲೋಕವೆಲ್ಲ ಕೊಂಡಾಡುವ ಕಲಾವಿದನ ಪ್ರಾಣ ತೆಗೆಯಿತು. ಇನ್ನೊಂದು ಒಬ್ಬ ಹುಡುಗನ ಕೈಗೆ ಗಾಯ ಮಾಡಿತು, ಅಷ್ಟೆ. ಹಾಗಿದ್ದೂ ಕೈಗೆ ಗಾಯ ಮಾಡಿದ ರಿವಾಲ್ವರಿಗೆ ಎರಡೂವರೆ ಪಟ್ಟಿಗೂ ಮೀರಿದ ಬೆಲೆ! ಒಂದು ಸುಸ್ಥಿತಿಯಲ್ಲಿತ್ತು, ಇನ್ನೊಂದು ತುಕ್ಕಿನ ಮುದ್ದೆಯಾಗಿತ್ತು ಎಂಬುದೂ ನಿಜ. ಆದರೆ ಅದು ದೊಡ್ಡ ಕಾರಣವೆಂದು ನನಗೆ ತೋರುವುದಿಲ್ಲ. ಬ್ರಸೆಲ್ಸಿನ ರಿವಾಲ್ವರಿನ ಮೇಲೆ ಒಂದು ಕ್ರಮಸಂಖ್ಯೆಯಿತ್ತು. ಆ ಸಂಖ್ಯೆ ಮೊಂತಿನ್ಯಿ ಅಂಗಡಿಯ ದಾಖಲೆಯಲ್ಲಿತ್ತು. ಗುಂಡು ಹಾರಿದ್ದಕ್ಕೆ ಪೊಲೀಸರ ಮತ್ತು ನ್ಯಾಯಾಲಯದ ಕಡತಗಳಿದ್ದವು. ವರ್ಲೇನನನ್ನು ಕಂಡೇ ಇರದ ಗುಮಾಸ್ತನೊಬ್ಬ, ಮುಂದೆ ಇದಕ್ಕೆ ಲಕ್ಷಗಟ್ಟಲೆ ಬೆಲೆ ಬಂದೀತೆಂಬ ಕನಸೂ ಇಲ್ಲದೆ, ತನ್ನ ದಿನದ ಕೆಲಸವೆಂದು ಒಂದು ಅಂಕಿಯನ್ನು ಬರೆದಿಟ್ಟ. ಯಾರನ್ನೂ ನಂಬಿಸುವ ಉದ್ದೇಶವಿಲ್ಲದೆ ಬರೆದ ಸಾಕ್ಷ್ಯಕ್ಕಿಂತ ಬಲವಾದದ್ದು ಚರಿತ್ರೆಯಲ್ಲಿ ಬೇರೊಂದಿಲ್ಲ.

ಓವೆರಿನ ರಿವಾಲ್ವರಿಗೆ ಅಂಥ ದಾಖಲೆ ಇರಲಿಲ್ಲ. ಇದ್ದದ್ದೆಲ್ಲ ಹೊಂದಾಣಿಕೆಗಳು. ಸಿಕ್ಕ ಜಾಗ ಹೊಂದುತ್ತದೆ. ವ್ಯಾನ್‌ಗೋನ ಮೈಯಲ್ಲಿ ಹೊಕ್ಕ ಗುಂಡಿನ ಅಳತೆ ಹೊಂದುತ್ತದೆ. ಅಂಥ ದುರ್ಬಲ ಆಯುಧವಾದ್ದರಿಂದಲೇ ಅವನು ಒಂದೂವರೆ ದಿನ ಬದುಕಿದ್ದನೆಂಬ ವಾದವೂ ಹೊಂದುತ್ತದೆ. ತುಕ್ಕು ಹಿಡಿದ ಬಗೆಯನ್ನು ಪರೀಕ್ಷಿಸಿದವರು, ಅದು ಹಲವು ದಶಕ ಮಣ್ಣಿನಲ್ಲಿತ್ತೆಂದು ಹೇಳಿದರು. ‘ಇರಬಹುದು’ ಎಂಬ ಮಾತನ್ನು ಎಷ್ಟು ಸಲ ಕೂಡಿಸಿದರೂ ‘ಇದೆ’ ಎಂದಾಗುವುದಿಲ್ಲ. ಆ ಗುಂಡು ಹಾರಿಸಿದವನು ವ್ಯಾನ್‌ಗೋ ಅಲ್ಲವೇ ಅಲ್ಲ ಎಂಬ ವಾದವನ್ನೂ ಅವನ ಜೀವನಚರಿತ್ರಕಾರರಿಬ್ಬರು 2011ರಲ್ಲಿ ಮುಂದಿಟ್ಟಿದ್ದಾರೆ. ಕೊಂಡವರು ಆ ಅನುಮಾನದ ಪಾಲನ್ನು ಕಳೆದುಕೊಂಡೇ ಬೆಲೆ ಕೊಟ್ಟರು ಎನ್ನಬೇಕು. ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಅಲ್ಲಿ ತುಕ್ಕೇ ಸಾಕ್ಷಿ. ಯಾರಾದರೂ ಅದನ್ನು ಉಜ್ಜಿ ತೊಳೆದು ಹೊಳೆಯುವಂತೆ ಮಾಡಿದ್ದರೆ ಆ ಒಂದೂವರೆ ಲಕ್ಷದಲ್ಲಿ ಏನೂ ಉಳಿಯುತ್ತಿರಲಿಲ್ಲ.

ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ಬೆಲೆಗಳಿವೆ. 1881ರ ಜುಲೈ 14ರಂದು ಬಿಲ್ಲಿ ದ ಕಿಡ್ ಎಂಬ ಕುಖ್ಯಾತ ಡಕಾಯಿತನನ್ನು ಷೆರಿಫ್ ಪ್ಯಾಟ್ ಗ್ಯಾರೆಟ್ ಕೊಂದ ಕೋಲ್ಟ್ ರಿವಾಲ್ವರ್ 2021ರ ಆಗಸ್ಟ್ ತಿಂಗಳಲ್ಲಿ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ 60 ಲಕ್ಷ ಡಾಲರಿಗೂ ಮೇಲೆ ಹೋಯಿತು. ಅದರ ಹಿಂದೆಯೂ ಕಾಗದಗಳ ಸರಪಳಿಯಿದೆ. ಗ್ಯಾರೆಟ್ ತಾನೇ ಬರೆದ ಪತ್ರವಿದೆ. ಅವನ ಕಾಲಾನಂತರ ಎಲ್ ಪಾಸೊ ನಗರದ ಪಾನಗೃಹದ ಮಾಲೀಕನ ಬಳಿ ಉಳಿದಿದ್ದ ಆ ಆಯುಧಕ್ಕಾಗಿ ಗ್ಯಾರೆಟನ ವಿಧವೆ ಮೊಕದ್ದಮೆ ಹೂಡಿ ಗೆದ್ದಳು. ಪಾಪ, ಆಕೆ ತನ್ನ ಗಂಡನ ವಸ್ತು ತನಗೆ ಬರಬೇಕೆಂದು ಹೋರಾಡಿದಳು. ನ್ಯಾಯಾಲಯದ ತೀರ್ಪು ಮುಂದಿನವರಿಗೆ ಲಕ್ಷಾಂತರ ಡಾಲರಿನ ಸಾಕ್ಷ್ಯವಾಯಿತು.

ಈಗ ನನ್ನ ಶಿಷ್ಯನ ಚಿತ್ರಗಳಿಗೆ ಬರೋಣ.

ಮೂರನೆಯ ಚಿತ್ರದಲ್ಲಿ ರಿವಾಲ್ವರಿನ ಸಿಲಿಂಡರ್ ಹತ್ತಿರದಿಂದ ಕಾಣುತ್ತಿತ್ತು. ಅದರ ಮೇಲೆ ಮೊಟ್ಟೆಯಾಕಾರದ ಗೆರೆಯೊಳಗೆ ಇ, ಎಲ್, ಜಿ ಎಂಬ ಮೂರು ರೋಮನ್ ಅಕ್ಷರಗಳು, ಕೆಳಗೊಂದು ನಕ್ಷತ್ರ. ಇದು ಲಿಯೇಜ್ ನಗರದ ಬಂದೂಕು ಪರೀಕ್ಷಾಲಯದ ಮೊಹರು. 1672ರಲ್ಲಿ ಸ್ಥಾಪನೆಯಾದ ಪರೀಕ್ಷಾಲಯವದು. ಅಲ್ಲಿ ಹೆಚ್ಚಿನ ಮದ್ದು ತುಂಬಿ ಹಾರಿಸಿ, ನಳಿಗೆ ಒಡೆಯದಿದ್ದರೆ ಮೊಹರು ಒತ್ತಿ ಕಳುಹಿಸುತ್ತಿದ್ದರು. ನಮ್ಮ ಅಕ್ಕಸಾಲಿಗರು ಚಿನ್ನವನ್ನು ಒರೆಗಲ್ಲಿಗೆ ಹಚ್ಚಿದ ಹಾಗೆ ಎಂದಿಟ್ಟುಕೊಳ್ಳಿ. ಹಳೆಯ ಆಯುಧಗಳ ಕಾಲ ತಿಳಿಯುವವರಿಗೆ ಈ ಮೊಹರುಗಳೇ ಶಾಸನ, ಏಕೆಂದರೆ ಅವು ಕಾಲಕಾಲಕ್ಕೆ ಬದಲಾಗುತ್ತಿದ್ದವು. ಪರಿವೀಕ್ಷಕನ ಗುರುತಿನ ಅಕ್ಷರದ ಮೇಲೆ 1877ರವರೆಗೆ ಕಿರೀಟವಿರುತ್ತಿತ್ತು. ಆಮೇಲೆ ಅದರ ಜಾಗಕ್ಕೆ ನಕ್ಷತ್ರ ಬಂತು. ಮೊಟ್ಟೆಯಾಕಾರದ ಮುಖ್ಯ ಮೊಹರಿನ ಮೇಲೆ ಮೊದಲು ಏನೂ ಇರಲಿಲ್ಲ. ಅದರ ಮೇಲೆ ಕಿರೀಟ ಕೂಡಿದ್ದು 1893ರಲ್ಲಿ.

ಚಿತ್ರದಲ್ಲಿದ್ದ ಮೊಹರಿನ ಮೇಲೆ ಕಿರೀಟವಿತ್ತು!

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಮೊಮ್ಮಗಳನ್ನು ಕರೆದು, ಏನನ್ನೂ ಹೇಳದೆ, “ಇದೇನು ಕಾಣುತ್ತದೆ ನೋಡಮ್ಮ” ಎಂದೆ. “ರಾಜರು ಹಾಕ್ಕೊಳ್ಳೋದು ತಾತ” ಎಂದಳು. 1893ಕ್ಕಿಂತ ಮೊದಲು ಇಲ್ಲದಿದ್ದ ಗುರುತನ್ನು ಹೊತ್ತ ರಿವಾಲ್ವರ್ 1870ರ ಯುದ್ಧಕ್ಕೆ ಹೋಗಿರುವುದು ಹೇಗೆ? ಹಳೆಯ ಆಯುಧವನ್ನು ಮುಂದೆ ಎಂದೋ ಮರುಪರೀಕ್ಷೆಗೆ ಕಳುಹಿಸಿ ಹೊಸ ಮೊಹರು ಒತ್ತಿಸಿರಬಹುದಲ್ಲ ಎಂದು ಯಾರಾದರೂ ಕೇಳಿಯಾರು. ಕೇಳಬೇಕಾದ ಪ್ರಶ್ನೆಯೇ. ಆದರೆ ಹಾಗಾಗಿದ್ದರೆ ಹಳೆಯ ಮೊಹರೂ ಹಳೆಯ ಪರಿವೀಕ್ಷಕನ ಗುರುತೂ ಎಲ್ಲಾದರೂ ಉಳಿದಿರಬೇಕು. ಶಿಷ್ಯನಿಗೆ ಬರೆದು ಮತ್ತೆ ಏಳು ಚಿತ್ರಗಳನ್ನು ತರಿಸಿಕೊಂಡೆ. ಪರಿವೀಕ್ಷಕನ ಅಕ್ಷರ ಸಿಕ್ಕಿತು, ಅದರ ಮೇಲಿದ್ದದ್ದು ನಕ್ಷತ್ರ. ಹಳೆಯ ಗುರುತು ಒಂದೂ ಇರಲಿಲ್ಲ.

ನನಗೆ ಆಗ ನೆನಪಾದದ್ದು ನಮ್ಮ ತಾಮ್ರಶಾಸನಗಳು. ತಲಕಾಡಿನ ಗಂಗರ ಹೆಸರಿನ ಹಲವು ತಾಮ್ರಪಟಗಳನ್ನು ಜೆ. ಎಫ್. ಫ್ಲೀಟ್ ಕೂಟಶಾಸನಗಳೆಂದು ತಳ್ಳಿಹಾಕಿದಾಗ ಅವರು ಹಿಡಿದ ದಾರಿಗಳಲ್ಲಿ ಇದೂ ಒಂದು: ಶಾಸನ ಹೇಳಿಕೊಳ್ಳುವ ಕಾಲ ಒಂದು, ಅಕ್ಷರಗಳ ರೂಪ ಅದಕ್ಕಿಂತ ಈಚಿನದು. ಬಿ. ಎಲ್. ರೈಸ್ ಅವರು ಒಪ್ಪದೆ ವಾದಿಸಿದರೆಂಬುದನ್ನು ನನ್ನ ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು, ಪರೀಕ್ಷೆಗೆ ಕೇಳುತ್ತಿದ್ದೆ. ಫ್ಲೀಟರ ವಿಧಾನವನ್ನು ಕಪ್ಪುಹಲಗೆಯ ಮೇಲೆ ಅಕ್ಷರ ಬರೆದು ತೋರಿಸಿ ವಿವರಿಸುತ್ತಿದ್ದ ನಾನೇ, ಮುದ್ದಾದ ಕೈಬರಹ ಕಂಡು ಮೋಸಹೋದೆ.

ಆ ಕಾಗದದ ವಿಷಯವನ್ನೂ ಹೇಳಿಬಿಡುತ್ತೇನೆ. ಅದು ಹಳೆಯದಲ್ಲವೆಂದು ನಾನು ಹೇಳಲಾರೆ. ಯಾರೋ ಅಜ್ಜಿಯೊಬ್ಬರು ಮನೆಯಲ್ಲಿ ಕೇಳಿದ ಮಾತನ್ನು ನಂಬಿ ಶ್ರದ್ಧೆಯಿಂದಲೇ ಬರೆದಿರಬಹುದು. ಆದರೆ ಅದರಲ್ಲಿ ರಿವಾಲ್ವರಿನ ಸಂಖ್ಯೆಯಿಲ್ಲ, ಅಳತೆಯಿಲ್ಲ, ತಯಾರಕನ ಹೆಸರಿಲ್ಲ. ‘ಈ ರಿವಾಲ್ವರ್’ ಎಂದಷ್ಟೇ ಇದೆ. ಯಾವ ರಿವಾಲ್ವರಿನ ಪಕ್ಕದಲ್ಲಿಟ್ಟರೂ ಅದು ಆ ರಿವಾಲ್ವರಿನ ಕಾಗದವಾಗುತ್ತದೆ. ಕೋಲ್ಟ್ ಕಂಪನಿ ಹಳೆಯ ರವಾನೆ ಪುಸ್ತಕಗಳನ್ನು ನೋಡಿ, ಇಂಥ ಸಂಖ್ಯೆಯ ಆಯುಧ ಇಂಥ ದಿನ ಇಂಥ ಊರಿಗೆ ಹೋಯಿತೆಂದು ಶುಲ್ಕ ಪಡೆದು ಪತ್ರ ಬರೆದುಕೊಡುತ್ತದೆ. ಅಂಥ ಪತ್ರ ಸಂಖ್ಯೆಗೆ ಅಂಟಿಕೊಂಡಿರುತ್ತದೆ. ಲಿಯೇಜಿನ ಹೆಸರಿಲ್ಲದ ಸಣ್ಣ ಕಾರ್ಖಾನೆಗಳ ಸಾಮಾನಿಗೆ ಆ ಅನುಕೂಲವನ್ನು ನಿರೀಕ್ಷಿಸುವಂತಿಲ್ಲ.

ಇನ್ನು ಸ್ಥಿತಿ. “ಹೊಸದರ ಹಾಗೆ ಹೊಳೆಯುತ್ತದೆ ಮೇಷ್ಟ್ರೇ” ಎಂದು ಅವನು ಹೆಮ್ಮೆಯಿಂದ ಬರೆದಿದ್ದ. ಅದೇ ದೋಷ. ಕಾರ್ಖಾನೆಯಿಂದ ಬಂದಾಗ ಲೋಹದ ಮೇಲಿರುವ ನೀಲಿಗಪ್ಪು ಬಣ್ಣ ಕಾಲಕ್ರಮದಲ್ಲಿ ಮಾಸಿ ಕಂದಾಗುತ್ತದೆ. ಸಂಗ್ರಾಹಕರು ದುಡ್ಡು ಕೊಡುವುದು ಆ ಮೂಲ ಬಣ್ಣ ಎಷ್ಟು ಉಳಿದಿದೆಯೆಂದು ಲೆಕ್ಕಹಾಕಿ. ಯಂತ್ರಕ್ಕೆ ಹಿಡಿದು ಉಜ್ಜಿದರೆ ಬಣ್ಣ ಹೋಗುತ್ತದೆ, ಚೂಪಾದ ಅಂಚುಗಳು ಸಾಬೂನಿನ ಹಾಗೆ ಸವೆಯುತ್ತವೆ, ಕೆತ್ತಿದ ಅಕ್ಷರಗಳು ತೆಳುವಾಗುತ್ತವೆ. ಊರ ದೇವಸ್ಥಾನದ ಶಾಸನಕ್ಕೆ ಭಕ್ತಿಯಿಂದ ಎಣ್ಣೆಬಣ್ಣ ಬಳಿದವರನ್ನು ನಾವು ನೋಡಿಲ್ಲವೇ? ಈ ರಿವಾಲ್ವರಿನ ಹಿಡಿಯ ಒಂದು ಮರದ ಪಟ್ಟಿ ಇನ್ನೊಂದಕ್ಕಿಂತ ಹೊಸದು. ಚೌಕಟ್ಟಿನ ಮೇಲೊಂದು ಸಂಖ್ಯೆ, ಸಿಲಿಂಡರಿನ ಮೇಲೆ ಇನ್ನೊಂದು. ಎರಡು ಮುರುಕುಗಳನ್ನು ಸೇರಿಸಿ ಒಂದು ಮಾಡಿರುವ ಹಾಗಿದೆ.

ಹಾಗಾದರೆ ನ್ಯಾಯವಾದ ಬೆಲೆ ಎಷ್ಟು? ಇದಕ್ಕೆ ನಾನು ನಾಲ್ಕು ಸಂಜೆ ಅಂತರ್ಜಾಲದಲ್ಲಿ ಮುಗಿದ ಹರಾಜುಗಳ ಫಲಿತಾಂಶಗಳನ್ನು ಹುಡುಕಿದೆ. ಮುಗಿದ ಹರಾಜು ಎಂಬ ಮಾತು ಮುಖ್ಯ. ಅಂಗಡಿಯವರು ಕೇಳುವ ಬೆಲೆ ಎಷ್ಟಾದರೂ ಇರಬಹುದು, ಯಾರೋ ಒಬ್ಬರು ಕೈಯಿಂದ ಬಿಚ್ಚಿ ಕೊಟ್ಟದ್ದೇ ಬೆಲೆ. ಅದರಲ್ಲೂ ಕೂಗಿನ ಬೆಲೆ ಬೇರೆ, ಹರಾಜು ಮನೆಯ ಶುಲ್ಕ ಸೇರಿದ ಬೆಲೆ ಬೇರೆ. ಓವೆರಿನ ರಿವಾಲ್ವರಿಗೆ ಸುತ್ತಿಗೆ ಬಿದ್ದದ್ದು 1,30,000ಕ್ಕೆ, ಕೊಂಡವರು ತೆತ್ತದ್ದು 1,62,500. ಹೀಗೆ ನೋಡುತ್ತ ಹೋದರೆ, ಯಾವ ಕಥೆಯೂ ಇಲ್ಲದ ಸಾಧಾರಣ 7 ಮಿಲಿಮೀಟರಿನ ಲಿಯೇಜ್ ರಿವಾಲ್ವರುಗಳು ಒಂದೂವರೆ ನೂರು, ಇನ್ನೂರು, ಚೆನ್ನಾಗಿದ್ದರೆ ಮುನ್ನೂರು ಯೂರೋಗೆ ಕೈ ಬದಲಾಯಿಸುತ್ತವೆ. ಇದು ಉಜ್ಜಿದ್ದು, ಜೋಡಿಸಿದ್ದು. ನೂರೈವತ್ತಕ್ಕಿಂತ ಹೆಚ್ಚು ಬೆಲೆ ಇಡಲು ನನಗೆ ಮನಸ್ಸು ಬರಲಿಲ್ಲ. ಆದರೆ ನನ್ನ ಮಾತು ಕೇಳಿ ಅವನು ಆಗಲೇ 200 ಕೊಟ್ಟಿದ್ದನಲ್ಲ! “ನೀನು ಕೊಟ್ಟ ಮುಂಗಡಕ್ಕೇ ವಸ್ತುವನ್ನು ಕೊಟ್ಟರೆ ತೆಗೆದುಕೋ, ಇಲ್ಲವಾದರೆ ಬಿಟ್ಟುಬಿಡು. ಮುಂಗಡ ಹೋದರೆ ಅರ್ಧ ನನ್ನ ಲೆಕ್ಕ, ನಾನು ಕಳಿಸಿಕೊಡುತ್ತೇನೆ” ಎಂದು ಬರೆದೆ. “ಏನು ಮೇಷ್ಟ್ರೇ ಹೀಗೆ ಬರೆಯುತ್ತೀರಿ, ತಾವು ಕೊಡುವುದೇ?” ಎಂದು ಅವನು ನೊಂದುಕೊಂಡ.

ಇನ್ನೊಂದು ಎಚ್ಚರಿಕೆಯನ್ನೂ ಬರೆದಿದ್ದೆ. ಫ್ರಾನ್ಸಿನಲ್ಲಿ 1900ಕ್ಕಿಂತ ಹಿಂದಿನ ಮಾದರಿಯ ಆಯುಧಗಳನ್ನು ಸಾಮಾನ್ಯವಾಗಿ ವಯಸ್ಕರು ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದು. ಅದೇ ಭರವಸೆಯಲ್ಲಿ ಊರಿಗೆ ಬರುವಾಗ ಪೆಟ್ಟಿಗೆಯಲ್ಲಿಟ್ಟು ತಂದರೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ 1959ರ ಶಸ್ತ್ರಾಸ್ತ್ರ ಅಧಿನಿಯಮ ಎದುರಾಗುತ್ತದೆ. ಪುರಾತನ ಆಯುಧಗಳಿಗೆ ಅದರಲ್ಲಿ ವಿನಾಯಿತಿಯಿದೆ, ಆದರೆ ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ ಸ್ಥಿತಿಯಲ್ಲಿರಬೇಕು. ಅದನ್ನು ನಿಲ್ದಾಣದಲ್ಲಿ ನಿಂತು ಯಾರಿಗೆ ಸಾಬೀತು ಮಾಡುವುದು? ಅವನಿಗೆ ಅದನ್ನು ತಂದು ನಮ್ಮ ಶಾಲೆಯ ಚರಿತ್ರೆ ಕೋಣೆಯಲ್ಲಿ ಇಡಬೇಕೆಂಬ ಆಸೆಯಿತ್ತೆಂದು ಆಗ ತಿಳಿಯಿತು.

ಮುಂದಿನ ಶನಿವಾರ ಅವನು ಭೂತಗನ್ನಡಿ ಹಿಡಿದು ಅಂಗಡಿಗೆ ಹೋದ. ಅಂಗಡಿಯ ಯಜಮಾನರು ವಯಸ್ಸಾದವರು. ಕಿರೀಟವನ್ನು ತೋರಿಸಿ 1893ರ ವಿಷಯ ಹೇಳಿದಾಗ ಬಹಳ ಹೊತ್ತು ಗಾಜಿನಲ್ಲಿ ನೋಡಿದರಂತೆ. ಇನ್ನೂರಕ್ಕೆ ಕೊಡಲು ಒಪ್ಪಲಿಲ್ಲ. ವಾದವನ್ನೂ ಮಾಡಲಿಲ್ಲ. ಗಲ್ಲಾಪೆಟ್ಟಿಗೆಯಿಂದ 200 ಯೂರೋ ಎಣಿಸಿ ಕೈಗಿತ್ತು, ರಿವಾಲ್ವರನ್ನು ಬಟ್ಟೆಯಲ್ಲಿ ಒರೆಸಿ ಗಾಜಿನ ಬೀರುವಿನಲ್ಲಿ ಇಟ್ಟುಬಿಟ್ಟರು.

ಯುಗಾದಿಯ ಹೊತ್ತಿಗೆ ಮತ್ತೆ ಮಿಂಚಂಚೆ ಬಂತು. ಆ ಬೀದಿಯಲ್ಲಿ ಹೋಗುವಾಗ ಇಣುಕಿ ನೋಡಿದನಂತೆ. ರಿವಾಲ್ವರ್ ಅಲ್ಲೇ ಇದೆ, ಹಳದಿ ಕಾಗದವೂ ಪಕ್ಕದಲ್ಲಿದೆ. ಬೆಲೆಯ ಚೀಟಿ ಮಾತ್ರ ಹೊಸದು: 1,950 ಯೂರೋ.